ಆರು ತಿಂಗಳ ಸೆರೆ: ರಾಮಧಾನ್ಯ ಚರಿತೆ, ಕರ್ವಾಲೊ ಮತ್ತು ಸಂಶೋಧನೆಯ ಹಣ

ಪತ್ರಿಕೆಗಳಲ್ಲಿಯೂ ಸಭೆಗಳಲ್ಲಿಯೂ ಈಚೆಗೆ ಪದೇ ಪದೇ ಕೇಳಿಬರುವ ಮಾತೊಂದುಂಟು: ಸಂಶೋಧನೆಗೆ ಹಣ ತೊಡಗಿಸಿದ ರಾಷ್ಟ್ರವು ಸಂಪತ್ತಿನಲ್ಲಿ ಬೆಳೆಯುತ್ತದೆ, ತೊಡಗಿಸದ ರಾಷ್ಟ್ರವು ಹಿಂದೆ ಬೀಳುತ್ತದೆ. ಈ ಮಾತು ಸುಳ್ಳಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ ಅವರು 1957ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, 1909ರಿಂದ 1949ರವರೆಗೆ ತಮ್ಮ ದೇಶದ ದುಡಿಮೆಯ ಲೆಕ್ಕವನ್ನು ಕೂಲಂಕಷವಾಗಿ ನೋಡಿದರು. ಆ ನಲವತ್ತು ವರ್ಷಗಳಲ್ಲಿ ಒಬ್ಬನ ಒಂದು ಗಂಟೆಯ ದುಡಿಮೆಯಿಂದ ಹುಟ್ಟುವ ಉತ್ಪನ್ನವು ಇಮ್ಮಡಿಯಾಗಿತ್ತು. ಈ ಹೆಚ್ಚಳದಲ್ಲಿ ಎಂಟರಲ್ಲಿ ಏಳು ಪಾಲು ಬಂಡವಾಳದ ಹೆಚ್ಚಳದಿಂದ ಬಂದುದಲ್ಲ, ಕೆಲಸ ಮಾಡುವ ವಿಧಾನ ಉತ್ತಮಗೊಂಡುದರಿಂದ ಬಂದುದು ಎಂದು ಅವರು ತೋರಿಸಿದರು. ಎಂದರೆ ರಾಷ್ಟ್ರವನ್ನು ಬೆಳೆಸುವುದು ದುಡ್ಡಿಗಿಂತ ಹೆಚ್ಚಾಗಿ ತಿಳಿವು. ಆ ತಿಳಿವನ್ನು ಹುಟ್ಟಿಸುವುದಕ್ಕೂ ದುಡ್ಡು ಬೇಕು ಎಂಬುದು ಅದಕ್ಕೆ ಜೊತೆಯಾದ ಮಾತು.

ನಮ್ಮ ದೇಶವು ಇದಕ್ಕಾಗಿ ತೊಡಗಿಸುವ ಹಣ ಎಷ್ಟೆಂಬುದೂ ಗೊತ್ತಿರುವ ಸಂಗತಿಯೇ. 2020-21ರ ಲೆಕ್ಕದಂತೆ ಒಟ್ಟು ದೇಶೀಯ ಉತ್ಪನ್ನದ ನೂರು ರೂಪಾಯಿಗಳಲ್ಲಿ ಸಂಶೋಧನೆಗೆ ಸಂದುದು 64 ಪೈಸೆ. ದಕ್ಷಿಣ ಕೊರಿಯದಲ್ಲಿ ಇದು ನಾಲ್ಕು ರೂಪಾಯಿಗೂ ಮೇಲು, ಇಸ್ರೇಲಿನಲ್ಲಿ ಐದು ರೂಪಾಯಿಗೂ ಮೇಲು. ಈ ಕೊರತೆಯನ್ನು ನೀಗಿಸಬೇಕೆಂದು 2023ರಲ್ಲಿ ಪಾರ್ಲಿಮೆಂಟು ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವನ್ನು ಕಾನೂನಿನ ಮೂಲಕ ಸ್ಥಾಪಿಸಿತು. 2025ರ ಜುಲೈಯಲ್ಲಿ ಕೇಂದ್ರ ಸರಕಾರವು ಒಂದು ಲಕ್ಷ ಕೋಟಿ ರೂಪಾಯಿಗಳ ಇನ್ನೊಂದು ಯೋಜನೆಗೆ ಒಪ್ಪಿಗೆಯಿತ್ತಿತು. ಇವೆಲ್ಲ ಸಂತೋಷದ ವಿಷಯಗಳೇ. ಆದರೆ ಹಣದ ಅಂಕಿಯನ್ನು ಕೇಳಿದ ಮಾತ್ರಕ್ಕೆ ತೃಪ್ತರಾಗಿ ಸುಮ್ಮನಾಗುವುದು ವಿಚಾರಶೀಲರ ಲಕ್ಷಣವಲ್ಲ. ಸಂಶೋಧನೆಯ ಹಣ ಎಂದರೆ ಏನನ್ನು ಕೊಳ್ಳುವ ಹಣ? ಅದು ಯಾವಾಗ ಫಲ ಕೊಡುತ್ತದೆ, ಯಾವಾಗ ಮಣ್ಣುಪಾಲಾಗುತ್ತದೆ? ಫಲ ಬಂದಾಗ ಅದು ಯಾರ ಮನೆಗೆ ಹೋಗುತ್ತದೆ? ಸಾಹಿತ್ಯ ಪತ್ರಿಕೆಯಲ್ಲಿ ಈ ಪ್ರಶ್ನೆಗಳೇಕೆಂದು ವಾಚಕರು ಹುಬ್ಬೇರಿಸಬಾರದು. ಈ ಪ್ರಶ್ನೆಗಳನ್ನು ಕನ್ನಡದ ಒಂದು ಹಳೆಯ ಕಾವ್ಯ ಮತ್ತು ಒಂದು ಹೊಸ ಕಾದಂಬರಿ ನಮಗಿಂತ ಮೊದಲೇ ಕೇಳಿವೆ ಎಂಬುದು ನನ್ನ ಅಭಿಪ್ರಾಯ. ಆ ಎರಡು ಕೃತಿಗಳನ್ನು ನಾವು ವಾಸಿಸುವ ಈ ದೇವಾಲದ ನೆಲದ ಮೇಲಿಟ್ಟು ಓದುವುದೇ ಇಲ್ಲಿಯ ಉದ್ದೇಶ.

ಹಳೆಯ ಕಾವ್ಯವೆಂದರೆ ಕನಕದಾಸರ ರಾಮಧಾನ್ಯ ಚರಿತೆ. ಕಥೆ ಎಲ್ಲರಿಗೂ ಪರಿಚಿತವಾದುದು. ಲಂಕೆಯನ್ನು ಗೆದ್ದು ಹಿಂದಿರುಗುವ ಶ್ರೀರಾಮನು ಮುನಿಯ ಆಶ್ರಮದಲ್ಲಿ ತಂಗುತ್ತಾನೆ. ಅಲ್ಲಿ ಬಗೆಬಗೆಯ ಧಾನ್ಯಗಳ ಭಕ್ಷ್ಯಗಳು ಬಡಿಸಲ್ಪಟ್ಟಾಗ ಧಾನ್ಯಗಳಲ್ಲಿ ಯಾವುದು ಶ್ರೇಷ್ಠ ಎಂಬ ಪ್ರಶ್ನೆ ಏಳುತ್ತದೆ. ಗೌತಮ ಮುನಿಯು ನರೆದಲೆಗವನ್ನು, ಎಂದರೆ ರಾಗಿಯನ್ನು, ಮೇಲೆಂದು ಹೇಳುತ್ತಾನೆ. ವ್ರೀಹಿಯು, ಎಂದರೆ ಭತ್ತವು, ಕೋಪದಿಂದ ಕುದಿಯುತ್ತದೆ. ತಾನು ದೇವತೆಗಳ ನೈವೇದ್ಯಕ್ಕೂ ಮೇಲುಜಾತಿಯವರ ಭೋಜನಕ್ಕೂ ಸಲ್ಲುವೆನೆಂಬುದು ಅದರ ಹೆಮ್ಮೆ. ಬಡವರ ಹೊಟ್ಟೆ ಹೊರೆಯುವವನು ತಾನೆಂಬುದು ರಾಗಿಯ ಹೆಮ್ಮೆ. ವಾದ ಬೆಳೆದು ಬೈಗುಳಾಗುತ್ತದೆ. ಆಗ ರಾಮನು ಎರಡು ಧಾನ್ಯಗಳನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಕಳೆದ ಮೇಲೆ ತರಿಸಿ ನೋಡಿದರೆ ಭತ್ತವು ಸೊರಗಿದೆ, ರಾಗಿ ಸತ್ತ್ವಗೆಡದೆ ನಿಂತಿದೆ. ರಾಮನು ರಾಗಿಗೆ ತನ್ನ ರಾಘವನೆಂಬ ಹೆಸರನ್ನೇ ಕೊಟ್ಟು ಮನ್ನಿಸುತ್ತಾನೆ.

ಈ ಕಾವ್ಯವನ್ನು ಕುಲದ ಮೇಲು-ಕೀಳಿನ ವಿಡಂಬನೆಯೆಂದು ನಮ್ಮ ವಿಮರ್ಶಕರು ಓದಿದ್ದಾರೆ. ಆ ಓದು ನ್ಯಾಯವಾದುದು, ಅದನ್ನು ಅಲ್ಲಗಳೆಯುವ ಇಚ್ಛೆ ನನಗಿಲ್ಲ. ಆದರೆ ತೀರ್ಪಿನ ವಿಚಾರಕ್ಕಿಂತ ತೀರ್ಪು ಕೊಟ್ಟ ರೀತಿಯ ಕಡೆಗೆ ಗಮನ ಕೊಟ್ಟವರು ಕಡಮೆ. ರಾಮನು ಸರ್ವಜ್ಞನು, ಅಲ್ಲಿಯೇ, ಆಗಲೇ, ಒಂದು ಮಾತಿನಲ್ಲಿ ತೀರ್ಪು ಹೇಳಬಹುದಾಗಿತ್ತು. ಮುನಿಗಳ ಸಭೆಯಲ್ಲಿ ಬಹುಮತ ಕೇಳಬಹುದಾಗಿತ್ತು. ಗೌತಮನಂಥ ಹಿರಿಯನ ಮಾತನ್ನು ಪ್ರಮಾಣವೆಂದು ಹಿಡಿಯಬಹುದಾಗಿತ್ತು. ಇದಾವುದನ್ನೂ ಅವನು ಮಾಡಲಿಲ್ಲ. ಎರಡನ್ನೂ ಸಮಾನ ಸ್ಥಿತಿಯಲ್ಲಿಟ್ಟನು, ಅವಧಿಯನ್ನು ಮೊದಲೇ ಗೊತ್ತುಮಾಡಿದನು, ಅವಧಿ ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡಿದ್ದನು, ಅನಂತರ ಕಣ್ಣಿಗೆ ಕಂಡುದನ್ನು ಹೇಳಿದನು. ಇದು ಪ್ರಯೋಗವಲ್ಲದೆ ಮತ್ತೇನು? ಆ ಆರು ತಿಂಗಳು ಸೆರೆಯ ಬಾಗಿಲು ಕಾದವರಿಗೆ ಸಂಬಳವನ್ನು ಅರಸನ ಬೊಕ್ಕಸವೇ ಕೊಟ್ಟಿರಬೇಕು. ಆ ಕಾಲದಲ್ಲಿ ಅದರಿಂದ ಬೊಕ್ಕಸಕ್ಕೆ ಒಂದು ಕಾಸಿನ ಆದಾಯವೂ ಇರಲಿಲ್ಲ. ಸಂಶೋಧನೆಯ ಹಣವೆಂದರೆ ಕಾಯುವುದಕ್ಕೆ ತೆರುವ ಬೆಲೆ. ರಾಷ್ಟ್ರವು ಕೊಳ್ಳುವುದು ಅಂಥ ಆರು ತಿಂಗಳನ್ನು. ಕನಕದಾಸರು ಇದನ್ನು ಅರ್ಥಶಾಸ್ತ್ರವೆಂದು ಬರೆಯಲಿಲ್ಲವೆಂಬುದು ನಿಜ. ಆದರೂ ಕಾವ್ಯದ ನಡು ನಿಂತಿರುವುದು ಆ ಕಾಯುವಿಕೆಯ ಮೇಲೆಯೇ.

ಇನ್ನು ನಮ್ಮ ನೆಲಕ್ಕೆ ಬರೋಣ. ಕಾಯದೆ ತೀರ್ಪು ಕೊಟ್ಟರೆ ಏನಾಗುತ್ತದೆಂಬುದಕ್ಕೆ ದೇವಾಲದಷ್ಟು ಸ್ಪಷ್ಟವಾದ ಉದಾಹರಣೆ ದಕ್ಷಿಣ ದೇಶದಲ್ಲಿ ದೊರೆಯುವುದು ಕಷ್ಟ. ಇಲ್ಲಿಯ ತೊರೆಗಳ ಮರಳಿನಲ್ಲಿ ಚಿನ್ನದ ಕಣಗಳಿರುವುದು ಕಾಡಿನ ಜನರಿಗೆ ಬಹಳ ಹಿಂದಿನಿಂದ ಗೊತ್ತಿತ್ತು. ಕುರುಂಬರು ಬೆಣಚುಕಲ್ಲನ್ನು ಅಗೆಯುತ್ತಿದ್ದರು, ಪಣಿಯರು ಮರಳನ್ನು ಮರದ ಬಟ್ಟಲಿನಲ್ಲಿ ತೊಳೆಯುತ್ತಿದ್ದರು. ದೊರೆಯುತ್ತಿದ್ದುದು ದಿನದ ಕೂಲಿಗೆ ಸಾಲುವಷ್ಟು ಮಾತ್ರ. 1874ರ ಹೊತ್ತಿಗೆ ಆಲ್ಫಾ ಎಂಬ ಕಂಪನಿ ಗಣಿ ಕೆಲಸಕ್ಕೆ ಕೈಹಾಕಿತು. 1875ರಲ್ಲಿ ಭಾರತೀಯ ಭೂಗರ್ಭ ಸರ್ವೇಕ್ಷಣ ಇಲಾಖೆಯ ವಿಲಿಯಂ ಕಿಂಗ್ ಎಂಬವರು ಆಗ್ನೇಯ ವಯನಾಡಿನ ಚಿನ್ನದ ಬಗ್ಗೆ ಪ್ರಾಥಮಿಕ ಟಿಪ್ಪಣಿಯೊಂದನ್ನು ಪ್ರಕಟಿಸಿದರು. ಆಸ್ಟ್ರೇಲಿಯದ ಗಣಿಗಳಲ್ಲಿ ಹೆಸರು ಮಾಡಿದ್ದ ಬ್ರೋ ಸ್ಮಿತ್ ಅವರನ್ನು ಸರಕಾರ ಕರೆಸಿತು. 1880ರಲ್ಲಿ ಬಂದ ಅವರ ವರದಿಯು ಆಸೆ ಹುಟ್ಟಿಸುವಂತಿತ್ತು. ಲಂಡನ್ನಿನ ಷೇರುಪೇಟೆಗೆ ಅಷ್ಟೇ ಸಾಕಾಯಿತು. ಒಂದೆರಡು ವರ್ಷಗಳಲ್ಲಿ ಹತ್ತಾರು ಕಂಪನಿಗಳು ಹುಟ್ಟಿ ಲಕ್ಷಾಂತರ ಪೌಂಡು ಬಂಡವಾಳವನ್ನು ಸಂಗ್ರಹಿಸಿದವು. ಸೊರಗುತ್ತಿದ್ದ ಕಾಫಿ ತೋಟಗಳು ಚಿನ್ನದ ನೆಲವೆಂಬ ಹೆಸರಿನಲ್ಲಿ ವಿಪರೀತ ಬೆಲೆಗೆ ಮಾರಾಟವಾದವು. ದೇವಾಲವೂ ಪಂದಲೂರೂ ಹಠಾತ್ತನೆ ಪೇಟೆಗಳಾದವು. ಯಂತ್ರಗಳನ್ನು ಹಡಗಿನಲ್ಲಿ ತರಿಸಿ ಘಟ್ಟ ಹತ್ತಿಸಿದರು. ಕಲ್ಲನ್ನು ಅರೆದು ನೋಡಿದಾಗ ಟನ್ನಿಗೆ ದೊರೆತ ಚಿನ್ನ ಖರ್ಚಿಗೆ ಏನೇನೂ ಸಾಲದಾಯಿತು. ಕೆಲವೇ ವರ್ಷಗಳಲ್ಲಿ ಕಂಪನಿಗಳು ಒಂದರ ಹಿಂದೊಂದಾಗಿ ಮುಚ್ಚಿದವು. ಇಂದು ಉಳಿದಿರುವುದು ಗುಡ್ಡದ ಮೈಯಲ್ಲಿ ಬಾಯಿ ತೆರೆದ ಸುರಂಗಗಳು, ಪೊದೆಗಳ ನಡುವೆ ಹಳೆಯ ಗುಂಡಿಗಳು.

ಇಲ್ಲಿ ಹಣಕ್ಕೆ ಕೊರತೆಯಿರಲಿಲ್ಲವೆಂಬುದನ್ನು ಗಮನಿಸಬೇಕು. ವರದಿಯೂ ಇತ್ತು, ತಜ್ಞರೂ ಇದ್ದರು. ಇಲ್ಲದಿದ್ದುದು ರಾಮನ ಆರು ತಿಂಗಳು. ಪ್ರಾಥಮಿಕ ಟಿಪ್ಪಣಿಯ ಮೇಲೆ ಇನ್ನೆರಡು ಮೂರು ವರ್ಷ ಆಳದ ಕಲ್ಲನ್ನು ತೆಗೆದು, ಅರೆದು, ತೂಗಿ ನೋಡಿದ್ದರೆ ತಗಲುತ್ತಿದ್ದ ವೆಚ್ಚ ಆ ಬಂಡವಾಳದಲ್ಲಿ ಒಂದು ಅಲ್ಪ ಭಾಗವಾಗುತ್ತಿತ್ತು. ಪೇಟೆಯು ಕಾಯಲೊಲ್ಲದು. ಮೊದಲು ಕಂಪನಿ, ಅನಂತರ ಪರೀಕ್ಷೆ ಎಂಬುದು ಅದರ ಕ್ರಮವಾಯಿತು. ತಲೆತಲಾಂತರದಿಂದ ಮರಳು ತೊಳೆದವರ ಅನುಭವವೇ ಒಂದು ದೊಡ್ಡ ಸಾಕ್ಷ್ಯವಾಗಿತ್ತು. ದಿನವೆಲ್ಲ ದುಡಿದರೂ ಕೂಲಿಗಿಂತ ಹೆಚ್ಚು ಸಿಗದ ತೊರೆಯು ತನ್ನ ಬಡತನವನ್ನು ತಾನೇ ಸಾರುತ್ತಿತ್ತು. ಚಿನ್ನವಿರುವ ಜಾಗವನ್ನು ತೋರಿಸುವುದಕ್ಕೆ ಅವರು ಬೇಕಾದರು, ಎಷ್ಟಿದೆಯೆಂದು ಹೇಳುವುದಕ್ಕೆ ಬೇಡವಾದರು.

ಇದಕ್ಕೆ ಎದುರಾಗಿ, ಗೂಡಲೂರಿನಿಂದ ಉದಕಮಂಡಲದ ದಾರಿಯಲ್ಲಿ ಘಟ್ಟ ಹತ್ತಿದರೆ ನಡುವಟ್ಟವೆಂಬ ಊರು ಸಿಗುತ್ತದೆ. ಅಲ್ಲಿ ನಡೆದುದು ಬೇರೊಂದು ಬಗೆಯ ಪರೀಕ್ಷೆ. ಮಲೇರಿಯಕ್ಕೆ ಮದ್ದಾದ ಕ್ವಿನೈನು ದೊರೆಯುವ ಸಿಂಕೋನ ಮರವು ದಕ್ಷಿಣ ಅಮೆರಿಕದ ಬೆಟ್ಟಗಳದು. 1860ರಲ್ಲಿ ಕ್ಲೆಮೆಂಟ್ಸ್ ಮಾರ್ಕ್‌ಹ್ಯಾಮ್ ಎಂಬವರ ನೇತೃತ್ವದಲ್ಲಿ ಅದರ ಸಸಿಗಳನ್ನೂ ಬೀಜಗಳನ್ನೂ ಸರಕಾರದ ವೆಚ್ಚದಿಂದ ನೀಲಗಿರಿಗೆ ತರಿಸಲಾಯಿತು. ಉದಕಮಂಡಲದ ಸಸ್ಯೋದ್ಯಾನವನ್ನು ನೋಡಿಕೊಳ್ಳುತ್ತಿದ್ದ ಮೆಕ್‌ಐವರ್ ಅವರು ದೊಡ್ಡಬೆಟ್ಟದಲ್ಲಿಯೂ ನಡುವಟ್ಟದಲ್ಲಿಯೂ ಅವುಗಳನ್ನು ಬೆಳೆಸಿದರು. ಮರವನ್ನು ಕಡಿಯದೆ ತೊಗಟೆಯನ್ನು ಪಟ್ಟಿಪಟ್ಟಿಯಾಗಿ ಸುಲಿದು, ಸುಲಿದ ಜಾಗಕ್ಕೆ ಹಾವಸೆ ಹೊದಿಸಿದರೆ ಹೊಸ ತೊಗಟೆ ಬೆಳೆಯುವುದೆಂದೂ, ಅದರಲ್ಲಿ ಸತ್ತ್ವ ಹೆಚ್ಚಿರುವುದೆಂದೂ ಅವರು ಕಂಡುಕೊಂಡರು. ತೊಗಟೆಯನ್ನು ಪರೀಕ್ಷಿಸುವುದಕ್ಕೆಂದೇ ಬ್ರಾಟನ್ ಎಂಬ ರಸಾಯನಶಾಸ್ತ್ರಜ್ಞರನ್ನು ಸರಕಾರ ನೇಮಿಸಿತು. ಮುಂದೆ ನಡುವಟ್ಟದಲ್ಲಿ ಕ್ವಿನೈನು ಕಾರ್ಖಾನೆಯೂ ಆಯಿತು. ಆ ತೋಟಗಳಲ್ಲಿ ದುಡಿಯುವುದಕ್ಕೆ ಚೀನಾದ ಕೈದಿಗಳನ್ನು ಬಳಸಿದರೆಂಬುದೂ ಇತಿಹಾಸದಲ್ಲಿದೆ; ಪ್ರಯೋಗದ ವೆಚ್ಚವನ್ನೆಲ್ಲ ಬೊಕ್ಕಸವೇ ತೆರುವುದಿಲ್ಲ, ಕೆಲವನ್ನು ಹೆಸರಿಲ್ಲದವರ ಬೆನ್ನು ತೆರುತ್ತದೆ ಎಂಬುದನ್ನು ಮರೆಯಬಾರದು.

ನಡುವಟ್ಟದ ಕಥೆಯಲ್ಲಿ ಎರಡು ಪಾಠಗಳಿವೆ. ಮೊದಲನೆಯದು ಸೋಲಿನದು. 1865ರಲ್ಲಿ ಚಾರ್ಲ್ಸ್ ಲೆಜರ್ ಎಂಬ ವ್ಯಾಪಾರಿಯಿಂದ ಅತ್ಯುತ್ತಮ ಜಾತಿಯ ಸಿಂಕೋನ ಬೀಜವನ್ನು ಡಚ್ ಸರಕಾರ ಕೊಂಡಿತು. ಜಾವಾ ದ್ವೀಪದಲ್ಲಿ ಡಚ್ಚರು ಮರ ಮರವನ್ನೂ ಪರೀಕ್ಷಿಸಿ, ಸತ್ತ್ವ ಹೆಚ್ಚಿರುವುದನ್ನು ಆರಿಸಿ, ಕಸಿ ಕಟ್ಟಿ, ದಶಕಗಟ್ಟಲೆ ಬಿಡದೆ ಕೆಲಸ ಮಾಡಿದರು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಜಗತ್ತಿನ ಕ್ವಿನೈನಿನ ಬಹುಭಾಗ ಜಾವಾದಿಂದಲೇ ಬರುತ್ತಿತ್ತು. ಒಂದೇ ಮರವನ್ನು ಹೆಚ್ಚುಕಡಮೆ ಒಂದೇ ಕಾಲದಲ್ಲಿ ತಂದ ಇಬ್ಬರಲ್ಲಿ ಹೆಚ್ಚು ಕಾಲ ತಾಳಿದವನು ಗೆದ್ದನು. ಎರಡನೆಯದು ಗೆಲುವಿನದು. 1892ರಲ್ಲಿ ಬಂಗಾಳದಲ್ಲಿ ಸರಕಾರಿ ತೋಟಗಳ ಕ್ವಿನೈನನ್ನು ಕಾಸಿಗೊಂದು ಪೊಟ್ಟಣದಂತೆ ಅಂಚೆಕಚೇರಿಗಳಲ್ಲಿ ಮಾರುವ ಏರ್ಪಾಡಾಯಿತು. ಬಳಿಕ ಆ ಏರ್ಪಾಡು ಬೇರೆ ಪ್ರಾಂತಗಳಿಗೂ ಹರಡಿತು. ಚಳಿಜ್ವರದಿಂದ ಮೂಲೆ ಹಿಡಿದಿದ್ದ ಕೂಲಿಯವನೊಬ್ಬನು ಎದ್ದು ಗದ್ದೆಗೆ ಹೋದರೆ ಅದು ಯಾವ ಕಂಪನಿಯ ಲಾಭದ ಪಟ್ಟಿಯಲ್ಲಿಯೂ ಕಾಣುವುದಿಲ್ಲ. ಆದರೆ ರಾಷ್ಟ್ರದ ಸಂಪತ್ತು ಅಷ್ಟರ ಮಟ್ಟಿಗೆ ಬೆಳೆದಂತೆಯೇ ಸರಿ.

ಕನ್ನಡ ನಾಡಿನ ಅರಸೊತ್ತಿಗೆಯೊಂದು ಈ ಮರ್ಮವನ್ನು ಚೆನ್ನಾಗಿ ಅರಿತಿತ್ತೆಂಬುದಕ್ಕೆ ಮೈಸೂರೇ ಸಾಕ್ಷಿ. 1902ರಲ್ಲಿ ಶಿವನಸಮುದ್ರದ ನೀರಿನಿಂದ ವಿದ್ಯುತ್ತನ್ನು ಹುಟ್ಟಿಸಿ, 147 ಕಿಲೋಮೀಟರು ದೂರದ ಕೋಲಾರದ ಗಣಿಗಳಿಗೆ ತಂತಿಯ ಮೂಲಕ ಒಯ್ದರು. ಆ ಕಾಲಕ್ಕೆ ಅದು ಸಾಹಸವೇ. ಜೆಮ್‌ಷೆಟ್‌ಜಿ ಟಾಟಾ ಅವರ ಕನಸಾಗಿದ್ದ ವಿಜ್ಞಾನ ಸಂಸ್ಥೆಗೆ ಮೈಸೂರು ಸರಕಾರ ಬೆಂಗಳೂರಿನಲ್ಲಿ 371 ಎಕರೆ ನೆಲವನ್ನೂ ವರ್ಷಂಪ್ರತಿ 50,000 ರೂಪಾಯಿಗಳ ನೆರವನ್ನೂ ಕೊಟ್ಟಿತು. 1909ರಲ್ಲಿ ಸಂಸ್ಥೆ ಸ್ಥಾಪಿತವಾಯಿತು. ಅಲ್ಲಿಂದ ಐದು ವರ್ಷಕ್ಕೆ ಮೊದಲನೆಯ ಮಹಾಯುದ್ಧ ಬಂದಿತು. ಮೈಸೂರಿನ ಶ್ರೀಗಂಧದ ಮರವನ್ನು ಹರಾಜಿನಲ್ಲಿ ಕೊಂಡು ಎಣ್ಣೆ ತೆಗೆಯುತ್ತಿದ್ದವರು ಮುಖ್ಯವಾಗಿ ಜರ್ಮನರು. ಆ ವ್ಯಾಪಾರ ನಿಂತುಹೋಗಿ ಮರವು ಉಗ್ರಾಣಗಳಲ್ಲಿ ಬಿದ್ದಿತು. ಆಗ ಕೈಗಾರಿಕಾ ಇಲಾಖೆಯ ಆಲ್ಫ್ರೆಡ್ ಚಾಟರ್ಟನ್ ಅವರು ಇದೇ ವಿಜ್ಞಾನ ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರ ಮೊರೆಹೊಕ್ಕರು. ಅವರು ಎಣ್ಣೆ ಬಟ್ಟಿಯಿಳಿಸುವ ಕ್ರಮವನ್ನು ಸಿದ್ಧಪಡಿಸಿಕೊಟ್ಟರು. 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆಯ ಕಾರ್ಖಾನೆ, ಮರುವರ್ಷ ಮೈಸೂರಿನಲ್ಲಿ ಇನ್ನೊಂದು, ಅನಂತರ ಎಸ್. ಜಿ. ಶಾಸ್ತ್ರಿಯವರ ಶ್ರಮದಿಂದ ಶ್ರೀಗಂಧದ ಸಾಬೂನು. 371 ಎಕರೆ ನೆಲವನ್ನು ದಾನ ಮಾಡಿದ ದಿನ ಸಾಬೂನಿನ ಯೋಚನೆ ಯಾರಿಗಿದ್ದೀತು? ಯುದ್ಧವಾಗುವುದೆಂದು ಯಾರಿಗೆ ಗೊತ್ತಿತ್ತು? ಫಲ ಇಂಥದೇ ಎಂದು ತಿಳಿಯದೆ ನೆಟ್ಟ ಗಿಡವು, ಬೇಕಾದ ಹೊತ್ತಿಗೆ ಬೇಕಾದ ಹಣ್ಣು ಕೊಟ್ಟಿತು.

ಈ ಹಿನ್ನೆಲೆಯಲ್ಲಿ ನಮ್ಮ ಹೊಸ ಸಾಹಿತ್ಯದ ಕಡೆಗೆ ತಿರುಗೋಣ. ಸರಕಾರದ ಸಂಬಳ ತಿನ್ನುವ ವಿಜ್ಞಾನಿಯೊಬ್ಬನನ್ನು ಕಾದಂಬರಿಯ ನಡುವೆ ನಿಲ್ಲಿಸಿದ ಕನ್ನಡ ಲೇಖಕರು ವಿರಳ. ಅವರಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಅಗ್ರಗಣ್ಯರು. 1980ರಲ್ಲಿ ಪ್ರಕಟವಾದ ಅವರ ಕರ್ವಾಲೊ ಕಾದಂಬರಿಯ ನಿರೂಪಕನು ಮೂಡಿಗೆರೆಯ ಸೀಮೆಯ ಕೃಷಿಕ. ಬೇಸಾಯದ ತಾಪತ್ರಯಗಳಿಂದ ಬೇಸತ್ತು, ಜಮೀನನ್ನು ಮಾರಿಬಿಡುವ ಯೋಚನೆ ಅವನ ಮನಸ್ಸಿನಲ್ಲಿ ಸುಳಿಯುತ್ತಿರುತ್ತದೆ. ಅವನಿಗೆ ವಿಜ್ಞಾನಿ ಕರ್ವಾಲೊ ಅವರ ಪರಿಚಯವಾಗುತ್ತದೆ. ಅವರ ಜೊತೆಗೆ ಮಂದಣ್ಣನೆಂಬ ಹಳ್ಳಿಗ, ಊರವರ ಕಣ್ಣಿಗೆ ಪೆದ್ದ. ಕಾಡಿನಲ್ಲಿ ಹಾರುವ ಓತಿಯನ್ನು ಕಂಡವನು ಈ ಮಂದಣ್ಣ. ಜಗತ್ತಿನ ವಿಜ್ಞಾನಿಗಳು ಕಾಣದ ಜೀವಿಯನ್ನು ನೋಡಿದ ಕಣ್ಣು ಅವನದು. ಕಳ್ಳಭಟ್ಟಿಯ ಮೊಕದ್ದಮೆಯಲ್ಲಿ ಅವನು ಸಿಕ್ಕಿಬಿದ್ದಾಗ ಕರ್ವಾಲೊ ಅವನನ್ನು ಕೈಬಿಡುವುದಿಲ್ಲ. ಕೊನೆಗೆ ಮಂದಣ್ಣ, ಪ್ರಭಾಕರ, ಕರಿಯಪ್ಪ, ಎಂಗ್ಟ ಮುಂತಾದವರ ತಂಡದೊಡನೆ ಕಾಡು ಹೊಕ್ಕು ಆ ಓತಿಯನ್ನು ಹುಡುಕುತ್ತಾರೆ. ಅದು ಕಣ್ಣೆದುರಿಗೇ ಕಣಿವೆಗೆ ತೇಲಿ ಕೈತಪ್ಪಿ ಹೋಗುತ್ತದೆ.

ಲೆಕ್ಕ ತನಿಖೆಯವರ ಕಣ್ಣಿನಿಂದ ನೋಡಿದರೆ ಈ ಕಾದಂಬರಿಯ ಸಂಶೋಧನೆ ಸಂಪೂರ್ಣ ನಷ್ಟ. ಓತಿ ಸಿಗಲಿಲ್ಲ. ಸಿಕ್ಕಿದ್ದರೂ ಅದರಿಂದ ಭತ್ತದ ಒಂದು ತೆನೆಯೂ ಹೆಚ್ಚು ಬೆಳೆಯುತ್ತಿರಲಿಲ್ಲ. ಹಾಗಿದ್ದರೂ ಕಾದಂಬರಿಯನ್ನು ಮುಚ್ಚಿಡುವ ವಾಚಕನಿಗೆ ನಷ್ಟದ ಭಾವನೆ ಬರುವುದಿಲ್ಲ. ಇದೇ ತೇಜಸ್ವಿಯವರ ಕಲೆಯ ಹಿರಿಮೆ. ಅವರು ತೋರಿಸುವ ಫಲ ಬೇರೊಂದು ಬಗೆಯದು: ನೋಡುವುದನ್ನು ಕಲಿತ ಮನುಷ್ಯನಿಗೆ ತಾನು ನಿಂತ ನೆಲವೇ ಹೊಸದಾಗುತ್ತದೆ. ಇದಕ್ಕಿಂತಲೂ ಮುಖ್ಯವಾದ ಸಂಗತಿ ಮಂದಣ್ಣನ ಸ್ಥಾನ. ದೇವಾಲದಲ್ಲಿ ಮರಳು ತೊಳೆದವನನ್ನು ದಾರಿ ತೋರಿಸುವ ಆಳೆಂದು ಮಾತ್ರ ಬಳಸಿಕೊಂಡರು. ಕರ್ವಾಲೊ ಮಂದಣ್ಣನನ್ನು ಪ್ರಕೃತಿಯ ವಿದ್ಯಾರ್ಥಿಯೆಂದು, ತನಗೆ ಸಮಾನನಾದ ಸಾಕ್ಷಿಯೆಂದು ಗೌರವಿಸುತ್ತಾರೆ. ಸಂಶೋಧನೆಯ ಹಣ ಸಫಲವಾಗಬೇಕಾದರೆ ಪ್ರಯೋಗಶಾಲೆಯ ಬಾಗಿಲು ಮಂದಣ್ಣನಿಗೂ ತೆರೆದಿರಬೇಕು ಎಂಬ ಮಾತನ್ನು ಯಾವ ಆಯೋಗದ ವರದಿಯೂ ಇಷ್ಟು ಹಗುರವಾಗಿ, ಇಷ್ಟು ನಗುನಗುತ್ತ ಹೇಳಿಲ್ಲ.

ಗುಣವನ್ನು ಹೇಳಿದ ಮೇಲೆ ಕೊರತೆಯನ್ನೂ ಹೇಳದಿದ್ದರೆ ವಿಮರ್ಶೆಯಾಗದು. ಕಾದಂಬರಿಯ ಆರಂಭದಲ್ಲಿ ಒಂದು ಆರ್ಥಿಕ ಪ್ರಶ್ನೆಯಿದೆ: ಈ ಕೃಷಿಕನು ಜಮೀನಿನಲ್ಲಿ ಉಳಿಯಬಲ್ಲನೆ? ಕಥೆ ಕಾಡನ್ನು ಹೊಕ್ಕ ಮೇಲೆ ಆ ಪ್ರಶ್ನೆಯು ಮರಗಳ ನಡುವೆ ಕಾಣದಾಗುತ್ತದೆ. ಅದಕ್ಕೆ ಸಿಗುವ ಉತ್ತರ ಮನಸ್ಸಿನ ಉತ್ತರ, ಗದ್ದೆಯ ಉತ್ತರವಲ್ಲ. ಕರ್ವಾಲೊ ಅವರ ದಿನದಿನದ ಕೆಲಸ, ಹುಳುವನ್ನು ಎಣಿಸುವುದು, ಪ್ರತಿವರ್ಷ ಅದೇ ಪಾತಿಯ ಮುಂದೆ ಕೂತು ಅಳೆಯುವುದು, ನೂರು ಸಲ ತಪ್ಪುವುದು, ಇದರ ಚಿತ್ರ ಸಾಹಸದ ಬೆರಗಿನಲ್ಲಿ ಮಸುಕಾಗಿದೆ. ಓತಿಯ ಬೆನ್ನು ಹತ್ತುವುದು ಕಥೆಗೆ ಒದಗುವಂತೆ ರಾಗಿಯ ಹೂವಿನ ಮುಂದೆ ಕೂರುವುದು ಒದಗದು, ಇದು ನಿಜ. ಆದರೆ ರಾಷ್ಟ್ರಕ್ಕೆ ಅನ್ನ ಕೊಟ್ಟುದು ಎರಡನೆಯದು.

ಈ ಮಾತನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ಕನಕದಾಸರ ರಾಗಿಗೆ ಮತ್ತೊಂದು ಪರೀಕ್ಷೆಯ ಕಾಲ ನಮ್ಮ ಕಣ್ಣಳತೆಯ ಇತಿಹಾಸದಲ್ಲಿಯೇ ಬಂದಿತು. ಅದನ್ನು ನಡೆಸಿದವರು ಮಂಡ್ಯದ ವಿ. ಸಿ. ಫಾರಂನಲ್ಲಿ ದುಡಿದ ಸಿ. ಎಚ್. ಲಕ್ಷ್ಮಣಯ್ಯನವರು. ರಾಗಿಯ ಹೂ ಬಹಳ ಸಣ್ಣದು. ತನ್ನ ಪರಾಗವನ್ನು ತಾನೇ ಸ್ವೀಕರಿಸಿಬಿಡುತ್ತದೆ. ಒಂದು ತಳಿಯನ್ನು ಇನ್ನೊಂದಕ್ಕೆ ಕೂಡಿಸುವುದು ಆದ್ದರಿಂದಲೇ ಕಷ್ಟ. ಈ ಕಷ್ಟವನ್ನು ತಾಳ್ಮೆಯಿಂದ ಗೆದ್ದು, ಅವರು ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಮುಂತಾದ ತಳಿಗಳನ್ನು ಹುಟ್ಟಿಸಿದರು. ಬಳಿಕ ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿದರು. ಇಂಡಿಯ, ಆಫ್ರಿಕ ಎಂಬ ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಬೆಸೆದು ಆ ತಳಿಗಳಿಗೆ ಇಂಡಾಫ್ ಎಂದು ಹೆಸರಾಯಿತು. ರಾಗಿಯ ಹೊಲ ವಿಸ್ತಾರವಾಗದೆಯೂ ರಾಗಿಯ ಬೆಳೆ ಹೆಚ್ಚಿತು. ಮಳೆಯನ್ನೇ ನಂಬಿದ ಹೊಲದ ಒಕ್ಕಲಿಗನು ಮನೆಗೆ ಬೇಕಾದಷ್ಟನ್ನಿಟ್ಟುಕೊಂಡು ಉಳಿದುದನ್ನು ಸಂತೆಗೆ ಒಯ್ಯುವಂತಾಯಿತು. ಜನರು ಅವರನ್ನು ರಾಗಿ ಲಕ್ಷ್ಮಣಯ್ಯನೆಂದೇ ಕರೆದರು. ಒಬ್ಬ ಸರಕಾರಿ ನೌಕರನ ಸಂಬಳ, ಕೆಲವು ಎಕರೆ ನೆಲ, ಹಲವು ವರ್ಷಗಳ ಸಮಯ, ಇಷ್ಟೇ ಈ ಲಾಭಕ್ಕೆ ತೊಡಗಿಸಿದ ಮೂಲಧನ. ದೇವಾಲದ ಗುಂಡಿಗಳಲ್ಲಿ ಸುರಿದ ಲಕ್ಷಾಂತರ ಪೌಂಡುಗಳ ಪಕ್ಕದಲ್ಲಿ ಇದನ್ನಿಟ್ಟು ನೋಡಬೇಕು. 2023ನೆಯ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ರಾಗಿಯ ಹೊಗಳಿಕೆ ಎಲ್ಲೆಡೆ ಕೇಳಿಸಿತು. ಲಕ್ಷ್ಮಣಯ್ಯನವರ ಹೆಸರು ಅಷ್ಟು ಕೇಳಿಸಲಿಲ್ಲ. ರಾಗಿಯನ್ನು ಕುರಿತು ಕಾವ್ಯವನ್ನೇ ಪಡೆದ ಭಾಷೆಯು ಆ ರಾಗಿಯನ್ನು ಬೆಳೆಸಿದವನನ್ನು ಕುರಿತು ಒಂದು ಒಳ್ಳೆಯ ಕಾದಂಬರಿಯನ್ನು ಇನ್ನೂ ಪಡೆಯಬೇಕಾಗಿದೆ.

ಇನ್ನು ಕೊನೆಯ ಪ್ರಶ್ನೆ: ಫಲ ಯಾರ ಮನೆಗೆ? ಇಲ್ಲಿ ನಮ್ಮ ಗೂಡಲೂರು, ಪಂದಲೂರು ಸೀಮೆಯ ಚಹಾ ನಮಗೆ ಎಚ್ಚರಿಕೆ ಹೇಳುತ್ತದೆ. ದಕ್ಷಿಣ ಭಾರತದ ತೋಟಗಾರರ ಸಂಘವಾದ ಉಪಾಸಿಯು ಚಹಾದ ಶಾಸ್ತ್ರೀಯ ಸಂಶೋಧನೆಯನ್ನು ಆರಂಭಿಸಿದುದು 1926ರಲ್ಲಿ, ಇದೇ ಗೂಡಲೂರಿನ ಸೀಮೆಯಲ್ಲಿ. ದೇವರಶೋಲೆಯಲ್ಲಿ ಬಹುಕಾಲ ನಡೆದ ಆ ಕೆಲಸ ಅನಂತರ ಆನೆಮಲೆಯ ವಾಲ್ಪಾರೆಗೆ ಹೋಯಿತು. ಅಲ್ಲಿ ಹೊಸ ತಳಿಗಳು ಹುಟ್ಟಿದವು, ಗೊಬ್ಬರದ ಕ್ರಮ ತಿಳಿಯಿತು, ಎಕರೆಗೆ ಬರುವ ಎಲೆ ಹೆಚ್ಚಿತು. ಒಂದೆರಡು ಎಕರೆಯ ಸಣ್ಣ ಬೆಳೆಗಾರನೂ ಇದರ ಪ್ರಯೋಜನ ಪಡೆದನು. ಆದರೆ 1991ರಲ್ಲಿ ಸೋವಿಯತ್ ಒಕ್ಕೂಟ ಮುರಿದುಬಿದ್ದ ಮೇಲೆ ನೀಲಗಿರಿಯ ಚಹಾಕ್ಕೆ ಇದ್ದ ದೊಡ್ಡ ಪೇಟೆ ಕುಗ್ಗಿತು. 1990ರ ದಶಕದ ಕೊನೆಯಲ್ಲಿ ಹಸಿರೆಲೆಯ ಬೆಲೆ ಕುಸಿಯಿತು. ಎಲೆ ಹೆಚ್ಚಾಯಿತು, ಕೈಗೆ ಬಂದ ಕಾಸು ಹೆಚ್ಚಾಗಲಿಲ್ಲ. ಗಿಡದ ವಿಷಯದಲ್ಲಿ ನಡೆದಷ್ಟು ಸಂಶೋಧನೆ ಬೆಲೆಯ ವಿಷಯದಲ್ಲಿ, ಪೇಟೆಯ ವಿಷಯದಲ್ಲಿ, ಎಲೆ ಕೀಳುವ ಹೆಂಗಸಿನ ಬೆನ್ನುನೋವಿನ ವಿಷಯದಲ್ಲಿ ನಡೆಯಬೇಡವೆ? ರಾಷ್ಟ್ರದ ಬೆಳವಣಿಗೆಯನ್ನು ಟನ್ನುಗಳಲ್ಲಿ ಅಳೆಯುವವರಿಗೆ ಈ ಪ್ರಶ್ನೆ ಹೊಳೆಯುವುದಿಲ್ಲ. ಏನನ್ನು ಸಂಶೋಧಿಸಬೇಕೆಂದು ಗೊತ್ತುಮಾಡುವ ಸಭೆಯಲ್ಲಿ ಆ ಹೆಂಗಸಿಗೂ ಒಂದು ಮಣೆ ಇದ್ದರೆ ಹೊಳೆಯುತ್ತದೆ.

ಆ ಸಭೆಗೆ ಅವಳು ಬರಬೇಕಾದರೆ ಸಭೆಯ ಮಾತು ಅವಳಿಗೆ ತಿಳಿಯಬೇಕು. ಭಾಷೆಯ ಸೇವೆಗೆಂದು ಸೇರಿದ ನಮ್ಮಂಥವರ ಹೊಣೆ ಇಲ್ಲಿದೆ. 1918ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಎಂಬ ಹೆಸರಿನ ಕನ್ನಡ ಮಾಸಪತ್ರಿಕೆಯನ್ನು ನಡೆಸಿದರು. ಅದು ಬಾಳಿದುದು ಅಲ್ಪಕಾಲ. ಶಿವರಾಮ ಕಾರಂತರು ಒಬ್ಬರೇ ಕೂತು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದರು. ಇವರಿಗೆ ಬೊಕ್ಕಸದಿಂದ ಸಂದ ನೆರವೆಷ್ಟೇ ಇರಲಿ, ಇವರ ಕೆಲಸವೂ ಸಂಶೋಧನೆಯ ಒಂದು ಅಂಗವೇ. ಕಂಡುಹಿಡಿದುದು ಹೊಲದವರೆಗೆ ಹೋಗದಿದ್ದರೆ ಅದು ಕಪಾಟಿನಲ್ಲಿಟ್ಟ ಬೀಜದಂತೆ. ದೇವಾಲದಂಥ ಊರಿನಲ್ಲಿ ತಮಿಳು, ಮಲೆಯಾಳ, ಕನ್ನಡ, ಪಣಿಯ ಭಾಷೆ, ಕುರುಂಬರ ಮಾತು ಎಲ್ಲವೂ ಒಂದೇ ಬಸ್ಸಿನಲ್ಲಿ ಪಯಣಿಸುತ್ತವೆ. ಗಿಡಕ್ಕೆ ಬಂದ ರೋಗದ ಮದ್ದನ್ನು ಈ ಎಲ್ಲ ಮಾತುಗಳಲ್ಲಿಯೂ ಹೇಳುವ ಏರ್ಪಾಡಿಲ್ಲದೆ ಸಂಶೋಧನೆ ಪೂರ್ಣವಾಯಿತೆನ್ನಲಾಗದು.

ನನ್ನ ತರಗತಿಯ ಹುಡುಗನೊಬ್ಬ ಒಮ್ಮೆ ಕೇಳಿದನು: ‘ಗುಡ್ಡದಲ್ಲಿ ಆ ಬಿಲವನ್ನು ತೋ­ಡಿದವರು ಯಾರು?’ ಚಿನ್ನಕ್ಕಾಗಿ ತೋಡಿದರೆಂದು ಹೇಳಿದೆನು. ‘ಸಿಕ್ಕಿತೆ?’ ಎಂದನು. ಸಾಲದಾಯಿತೆಂದೆನು. ಅವನು ಸ್ವಲ್ಪ ಹೊತ್ತು ಯೋಚಿಸಿ, ‘ಮೊದಲು ಸ್ವಲ್ಪ ತೋಡಿ ನೋಡಬಾರದಿತ್ತೆ?’ ಎಂದು ಕೇಳಿದನು. ರಾಮಧಾನ್ಯ ಚರಿತೆಯ ರಾಮನೂ ಮಾಡಿದುದು ಇದನ್ನೇ. ಸ್ವಲ್ಪ ತೋಡಿ ನೋಡುವುದಕ್ಕೆ ಬೇಕಾದ ಹಣವನ್ನೂ ಕಾಲವನ್ನೂ ರಾಷ್ಟ್ರವು ಒದಗಿಸಬೇಕು. ನೋಡಿದುದನ್ನು ಮುಚ್ಚಿಡದೆ ಎಲ್ಲರಿಗೂ ಹೇಳಬೇಕು. ಸಿಕ್ಕಿದುದನ್ನು ತೋಡಿದವನಿಗೂ ಪಾಲು ಮಾಡಬೇಕು. 64 ಪೈಸೆಯನ್ನು ಒಂದು ರೂಪಾಯಿಯಾಗಿಯೋ ಎರಡು ರೂಪಾಯಿಯಾಗಿಯೋ ಹೆಚ್ಚಿಸಿದರೆ ನಾವು ಸಂತೋಷದಿಂದ ಸ್ವಾಗತಿಸೋಣ. ಆದರೆ ಹೆಚ್ಚಿಸಿದವರನ್ನು ಆ ಹುಡುಗನ ಪ್ರಶ್ನೆಯನ್ನೂ ಕೇಳುತ್ತಿರೋಣ.